ಶನಿಯ ಚಂದ್ರನಲ್ಲಿ ಸಿಕ್ಕಿಬಿದ್ದ ನಮ್ಮ ನೀಲಾ

ಮಕ್ಕಳಿಗೆಂದು ಡಬ್ಬಿಯಲ್ಲಿ ಎತ್ತಿಟ್ಟ ಶೇಂಗಾ ಉಂಡಿ ದೊಡ್ಡವರ ಕೈಯಿಂದ ಉಳಿದ ಉದಾಹರಣೆ ನಮ್ಮ ಮನೆಯಲ್ಲಂತೂ ಇಲ್ಲ. ಕತೆಯ ಹಣೆಬರಹವೂ ಅಷ್ಟೇ ಅಂತ ನನಗೆ ಗೊತ್ತಾದದ್ದು ತೊಂಬತ್ತರ ದಶಕದ ಕೊನೆಗೆ, ಟೊರೊಂಟೊ ಹತ್ತಿರದ ನ್ಯೂಮಾರ್ಕೆಟ್‌ನಲ್ಲಿ ಕೂತು ಹದಿಹರೆಯದವರಿಗಾಗಿ ಒಂದು ವೈಜ್ಞಾನಿಕ ಸಾಹಸ ಕತೆ ಬರೆಯಲು ಹೊರಟಾಗ.

ಹಗಲು ನಾನು ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ನಮ್ಮ ಕನ್ನಡ ಬಳಗದವರು ಮೂರು ತಿಂಗಳಿಗೊಮ್ಮೆ ಒಂದು ಪತ್ರಿಕೆ ತರುತ್ತಿದ್ದರು. ಫೋಟೋಕಾಪಿ ಮಾಡಿದ ಹಾಳೆಗಳು, ಅದಕ್ಕೆರಡು ಪಿನ್ನು. ಸಂಪಾದಕರು ಒಂದು ದಿನ "ನಮ್ಮ ಯೂತ್‌ಗೆ ಅಂತ ಏನಾದ್ರೂ ಬರೀರಿ ಮೇಡಂ" ಅಂದರು. ನಾನು ಹದಿನಾರು ವರ್ಷದ ನೀಲಾ ಎಂಬ ಹುಡುಗಿಯನ್ನು ಸೃಷ್ಟಿಸಿ, ಒಂದು ಪುಟ್ಟ ನೌಕೆಯಲ್ಲಿ ಒಬ್ಬಳನ್ನೇ ಕೂರಿಸಿ, ಶನಿಗ್ರಹದ ಚಂದ್ರನೊಂದರ ಕಡೆಗೆ ಕಳಿಸಿಬಿಟ್ಟೆ.

ಯೂತ್ ಅಂದರೆ ನನ್ನ ಪಾಲಿಗೆ ಒಬ್ಬಳೇ, ನನ್ನ ಮಗಳು. ಅವಳಿಗೂ ಆಗ ಹದಿನಾರು. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಬರುವ ವಯಸ್ಸು. ಬೇರೆ ಯಾರು ಓದಲಿ ಬಿಡಲಿ, ಅವಳೊಬ್ಬಳು ನನ್ನ ಕತೆ ಓದಬೇಕು ಅನ್ನುವುದು ನನ್ನ ಆಸೆ. ಮೊದಲ ಸಂಚಿಕೆ ಬಂದ ಕೂಡಲೇ ಕೈಗೆ ಕೊಟ್ಟೆ. "ನೈಸ್, ಅಮ್ಮಾ" ಅಂದು ಅದರ ಮೇಲೆ ನೂಡಲ್ಸ್ ಬಟ್ಟಲು ಇಟ್ಟಳು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಓದುಗರು ಬಂದರು, ಸಾಲುಸಾಲಾಗಿ ಬಂದರು. ಒಬ್ಬರೂ ನಲವತ್ತಕ್ಕಿಂತ ಚಿಕ್ಕವರಿರಲಿಲ್ಲ.

ಬ್ರೇಕು

ಮೊದಲು ಫೋನ್ ಮಾಡಿದವರು ವಿಟ್ಬಿಯ ಒಬ್ಬ ಇಂಜಿನಿಯರು. ಮೈಸೂರಿನವರು, ದಿನಾ ಟ್ರೈನಿನಲ್ಲಿ ಟೊರೊಂಟೊಗೆ ಹೋಗಿ ಬರುವವರು. ನಮಸ್ಕಾರವೂ ಇಲ್ಲದೆ ಶುರು ಮಾಡಿದರು.

"ಮೇಡಂ, ನಿಮ್ಮ ಹುಡುಗಿ ಬ್ರೇಕೇ ಹಾಕಿಲ್ಲ!"

ಮಗಳು ಆಗಷ್ಟೇ ಕಾರು ಕಲಿಯುತ್ತಿದ್ದಳು. "ಅಯ್ಯೋ ದೇವರ, ಯಾರಿಗೆ ಹೊಡದ್ಲ್ರೀ?" ಅಂದೆ.

"ಯಾರಿಗೂ ಇಲ್ಲ, ಅದೇ ಪ್ರಾಬ್ಲಮ್ಮು. ನೀವು ಕೊಟ್ಟಿರೋ ಸ್ಪೀಡಲ್ಲಿ ನೀಲಾ ಶನೀನ ದಾಟಿ ಆಚೆ ಹೊರಟುಹೋಗ್ತಾಳೆ, ನಿಲ್ಲೋಕೇ ಆಗಲ್ಲ. ಟ್ರೈನಲ್ಲಿ ಕೂತು ಲೆಕ್ಕ ಹಾಕ್ದೆ. ಅದೇ ಗುಂಗಲ್ಲಿ ನಿನ್ನೆ ವಿಟ್ಬಿ ಬಂದು ಹೋಗಿದ್ದೇ ಗೊತ್ತಾಗ್ಲಿಲ್ಲ, ಮುಂದಿನ ಸ್ಟೇಷನ್‌ಗೆ ಹೋಗಿ ಇಳಿದೆ."

ಮುಂದಿನ ಸಂಚಿಕೆಯಲ್ಲಿ ನೀಲಾ ಮರೆಯದೆ ಬ್ರೇಕು ಹಾಕಿದಳು. ಅವರು ಮತ್ತೆ ಫೋನ್ ಮಾಡಿ ಈಗ ಮನಸ್ಸಿಗೆ ಸಮಾಧಾನ ಆಯಿತು ಅಂದರು. ನಾನು ಆಸೆಯಿಂದ, "ನಿಮ್ಮ ಮಗನೂ ಓದ್ತಾನೇನ್ರಿ?" ಅಂತ ಕೇಳಿದೆ.

"ಅವನಾ? ಅವನಿಗಿನ್ನೂ ಹದಿನೇಳು ಮೇಡಂ. ಇಂಥದ್ದೆಲ್ಲ ಎಲ್ಲಿ ಅರ್ಥ ಆಗುತ್ತೆ?"

ಕಳ್ಳರ ಕನ್ನಡ

ಸಾಹಸ ಕತೆ ಅಂದಮೇಲೆ ಕಳ್ಳರು ಬೇಕಲ್ಲ. ಆ ಚಂದ್ರನ ಮೇಲಿನ ಹಿಮ ಕದಿಯುವ ಒಂದು ತಂಡವನ್ನು ಇಳಿಸಿದೆ. ಮನೆ ಮುಂದೆ ಹಿಮ ತುಂಬಿ ಬಿದ್ದ ನಮ್ಮ ಡ್ರೈವ್‌ವೇಗೂ ಒಮ್ಮೆ ಬಂದು ಹೋಗಬಾರದೇ ಅಂತ ಎಲ್ಲರಿಗೂ ಅನ್ನಿಸುವಂಥ ಕಳ್ಳರು. ಅವರಿಂದ ತೊಂದರೆ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಎಲ್ಲರೂ ಒಂದೊಂದು ಅಡುಗೆ ತರುವ ಯುಗಾದಿಯ ಪಾಟ್‌ಲಕ್ಕು ಕ್ಲೈನ್‌ಬರ್ಗ್‌ನ ಒಂದು ದೊಡ್ಡ ಮನೆಯಲ್ಲಿತ್ತು. ಆ ಮನೆಯಾಕೆ ಬೆಂಗಳೂರಿನವರು. ನನ್ನ ಕೈಹಿಡಿದು ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋದರು.

"ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ನೀಲಾ ಧಾರವಾಡ ಕನ್ನಡ ಮಾತಾಡ್ತಾಳೆ. ಸರಿ. ಅವಳಿಗೆ ಹೆಲ್ಪ್ ಮಾಡೋ ಆ ಎಂಟು ಕಾಲಿನ ಪ್ರಾಣೀನೂ ಧಾರವಾಡ ಕನ್ನಡಾನೇ ಮಾತಾಡುತ್ತೆ. ಅದೂ ಸರಿ. ಕಳ್ಳರು ಮಾತ್ರ ಯಾಕ್ರೀ ನಮ್ಮ ಥರ ಮಾತಾಡ್ತಾರೆ?"

ಆಣೆ ಮಾಡಿ ಹೇಳುತ್ತೇನೆ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಹುಬ್ಬಳ್ಳಿಯಲ್ಲಿ ಬೆಳೆದವಳು ನಾನು. ಕೈ ತನ್ನಷ್ಟಕ್ಕೆ ತಾನೇ ಹಾಗೆ ಬರೆದಿತ್ತು. ಮುಂದಿನ ಸಂಚಿಕೆಯಲ್ಲಿ ಕಳ್ಳರು "ಏನಲೇ ತಮ್ಮಾ, ಎಲ್ಲಿ ಹೊಂಟಿ?" ಅಂದರು. ಪತ್ರಿಕೆ ಅಂಚೆಗೆ ಬಿದ್ದ ವಾರದೊಳಗೆ ಬೆಳಗಾವಿಯ ಹಿರಿಯರೊಬ್ಬರ ಫೋನು: "ಅಲ್ರೀ ತಂಗೀ, ಮಂದಿ ಅಂದರ ಅನ್ಲಿ. ನಮ್ಮಾಕಿ ಆಗಿ ನೀವ ಹಿಂಗ ಮಾಡಿದರ ಹ್ಯಾಂಗ್ರೀ?"

ರಾತ್ರಿ ಊಟಕ್ಕೆ ಕೂತಾಗ ಗಂಡನ ಮುಂದೆ ಗೋಳು ತೋಡಿಕೊಂಡೆ. "ಕಳ್ಳರ ಬಾಯಾಗ ಇಂಗ್ಲಿಷ್ ಹಾಕಿಬಿಡ್ತೀನ್ರಿ. ಯಾರಿಗೂ ಸಿಟ್ಟು ಬರಂಗಿಲ್ಲ."

ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಸೋ ದ ಬ್ಯಾಡ್ ಗೈಸ್ ಟಾಕ್ ಲೈಕ್ ಮೀ?"

ಮುಂದಿನ ಸಂಚಿಕೆಯಲ್ಲಿ ಕಳ್ಳರ ಹೆಲ್ಮೆಟ್ಟಿನ ಮೈಕು ಕೆಟ್ಟುಹೋಯಿತು. ಕತೆ ಮುಗಿಯುವವರೆಗೂ ಅದು ರಿಪೇರಿ ಆಗಲಿಲ್ಲ.

ಅಪ್ಪ

ನನ್ನ ಗಂಡ ಸಾಫ್ಟ್‌ವೇರಿನವರು, ಮಿತಭಾಷಿ. ಗೋಡೆಯ ಮೇಲಿನ ಕ್ಯಾಲೆಂಡರು ಬಿಟ್ಟರೆ ಬೇರೆ ಕನ್ನಡ ಓದುವುದನ್ನು ನಾನು ನೋಡಿರಲಿಲ್ಲ. ಒಂದು ಭಾನುವಾರ ಚಹಾ ಸೋಸುತ್ತ, ನನ್ನ ಕಡೆ ನೋಡದೆ ಕೇಳಿದರು.

"ನೀಲಾಗ ಅವ್ವ ಅದಾಳ, ಅಜ್ಜಿ ಅದಾಳ. ಎಂಟು ಕಾಲಿನ ಪ್ರಾಣಿನೂ ಅದ. ಅಪ್ಪ ಎಲ್ಲಿದಾನ?"

ಅಪ್ಪನನ್ನು ಬರೆಯುವುದೇ ಮರೆತುಹೋಗಿತ್ತು.

"ಸತ್ತಾನೇನು?" ಅಂದರು, ಬಹಳ ಮೆತ್ತಗೆ.

ಪಾಪ ಅನ್ನಿಸಿತು. ಮುಂದಿನ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಸೇರಿಸಿದೆ: ನೀಲಾಳ ಅಪ್ಪ ಬಾಹ್ಯಾಕಾಶ ನಿಲ್ದಾಣದ ಹೊರಗೆ ಸಲಿಕೆ ಹಿಡಿದು ಹಿಮ ಎತ್ತಿಹಾಕುತ್ತಿದ್ದ. ಅಲ್ಲಿ ಹಿಮ ಎಲ್ಲಿಂದ ಬಂತು ಅಂತ ವಿಟ್ಬಿಯವರೂ ಕೇಳಲಿಲ್ಲ. ಚಳಿಗಾಲ ಬಂದರೆ ಮನೆ ಮುಂದೆ ಹಿಮ ಎತ್ತುವ ಇಲ್ಲಿಯ ಗಂಡಸರಿಗೆಲ್ಲ ಆ ಕೆಲಸ ಗೊತ್ತಿತ್ತಲ್ಲ. ನನ್ನ ಗಂಡ ಆ ಪುಟವನ್ನು ಮಡಿಚಿ ಆಫೀಸಿಗೆ ಒಯ್ದು, ಕನ್ನಡದ ಒಂದು ಅಕ್ಷರವೂ ಬಾರದ ಗುಜರಾತಿ ಗೆಳೆಯನ ಮುಂದೆ ಹಿಡಿದು, ಆ ಸಾಲಿನ ಕೆಳಗೆ ಬೆರಳಿಟ್ಟು, "ಯೇ ಮೈ ಹೂಂ" ಅಂದರಂತೆ.

ಹರಕೆ

ನಮ್ಮ ಹಿಂದಿನ ಬೀದಿಯ ಮನೆಯವರೂ ಹುಬ್ಬಳ್ಳಿ ಕಡೆಯವರೇ. ಆ ಬೇಸಿಗೆಯಲ್ಲಿ ಅವರ ತಾಯಿ ಮಗನ ಮನೆಗೆಂದು ಬಂದಿದ್ದರು. ನಾವೆಲ್ಲ ಅವರನ್ನು ಅಜ್ಜಿ ಅಂತಲೇ ಕರೆಯುತ್ತಿದ್ದೆವು. ಅವರು ಊರಿಗೆ ಹೊರಡುವ ಹೊತ್ತು ಹತ್ತಿರವಾದಾಗ ನಾನು ಒಂದು ಅನಾಹುತ ಮಾಡಿದೆ. ನೀಲಾಳ ಮೇಲೆ ಹಿಮದ ಗುಡ್ಡ ಕುಸಿಯಿತು, ಆಮ್ಲಜನಕ ಮುಗಿಯುತ್ತ ಬಂತು, ಅಷ್ಟಕ್ಕೇ "ಸಶೇಷ" ಅಂತ ಹಾಕಿ ನಿಲ್ಲಿಸಿದೆ.

ಒಂದು ಶನಿವಾರ ಬೆಳಿಗ್ಗೆ ಅಜ್ಜಿ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮಗನ ಬೂಟು ಹಾಕಿಕೊಂಡು, ವರ್ಷದ ಮೊದಲ ಹಿಮ ತುಳಿಯುತ್ತ ಬಂದರು.

"ಹುಡಿಗಿ ಉಳೀತಾಳೋ ಇಲ್ಲೋ? ಹೇಳು."

"ನನಗ ಇನ್ನೂ ಗೊತ್ತಿಲ್ರೀ ಅಜ್ಜಿ" ಅಂದೆ. ಅದು ಸತ್ಯವೇ. ನಾನು ಇನ್ನೂ ಬರೆದೇ ಇರಲಿಲ್ಲ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೆತ್ತಾಕಿಗೇ ಗೊತ್ತಿಲ್ಲಂದರ ಆತು ಬಿಡು. ಗೊತ್ತಿದ್ದವರ ಕಡೆ ಹೋಗೂಣು, ಗಾಡಿ ತಗಿ. ನಾ ಹರಕಿ ಹೊತ್ತೀನಿ."

ಡ್ರೈವಿಂಗ್ ಪ್ರ್ಯಾಕ್ಟಿಸ್ ಸಿಗುತ್ತದೆ ಅಂತ ಮಗಳು ಸ್ಟಿಯರಿಂಗ್ ಹಿಡಿದಳು. ಗುಡಿಯಲ್ಲಿ ಅಜ್ಜಿ ಗಣಪತಿಗೆ ಒಮ್ಮೆ ಕೈ ಮುಗಿದು, ವೆಂಕಟರಮಣನನ್ನು ದಾಟಿ, ನೇರ ನವಗ್ರಹದ ಕಡೆ ನಡೆದು ಶನಿಯ ಎದುರು ನಿಂತರು. ಇಲ್ಲಿ ಯಾಕೆ ಅಂತ ನಾನು ಕೇಳಿದ್ದಕ್ಕೆ, "ಮತ್ತೊಬ್ಬರ ಊರಾಗ ನಮ್ಮ ಹುಡಿಗಿ ಸಿಕ್ಕೊಂಡಾಗ ಆ ಊರ ಗೌಡರನ್ನ ಕಾಣಬೇಕು" ಅಂದರು.

ಅರ್ಚಕರು ತಟ್ಟೆ ಹಿಡಿದು ಬಂದರು. "ಯಾರ ಹೆಸರಲ್ಲಿ?"

"ನೀಲಾ. ಹಿಮದ ಕೆಳಗ ಸಿಕ್ಕೊಂಡಾಳ್ರೀ" ಅಂದರು ಅಜ್ಜಿ.

ನಾನು ನಾಚಿಕೆಯಿಂದ ಕುಗ್ಗಿಹೋದೆ. ಅರ್ಚಕರು ಮಾತ್ರ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನಮ್ಮ ನೀಲಾನಾ? ಆಕ್ಸಿಜನ್ ಎಷ್ಟು ಉಳಿದಿದೆ ತಾಯಿ?"

ನಲವತ್ತು ದಾಟಿದ ಇನ್ನೊಬ್ಬ ಓದುಗರು. ನಾನು ಏನಾದರೂ ಹೇಳುವ ಮೊದಲೇ ಅವರು ಸಂಕಲ್ಪ ಶುರು ಮಾಡಿ, "ನಕ್ಷತ್ರ?" ಅಂದರು. ನಾನು ಅಜ್ಜಿಯ ಮುಖ ನೋಡಿದೆ.

"ನೀವೇ ಅಲ್ವೇ ಬರೆದಿದ್ದು?"

ಹಿಂದಿನಿಂದ ಮಗಳ ದನಿ ಬಂತು. "ರೋಹಿಣಿ. ಚಾಪ್ಟರ್ ಟೂ. ಬರ್ತ್‌ಡೇ ಮೆಸೇಜಲ್ಲಿ ಅಕಿ ಅವ್ವ ಹೇಳ್ತಾಳ. ಅಮ್ಮಾ, ಹೌ ಡು ಯು ನಾಟ್ ನೋ ದಿಸ್?"

"ಗೋತ್ರ?" ಅಂದರು ಅರ್ಚಕರು, ಈಗ ನನ್ನನ್ನು ಬಿಟ್ಟು ಅವಳನ್ನೇ ನೋಡುತ್ತ.

"ನಮ್ದ ಹಾಕ್ರಿ. ಶೀ ಈಸ್ ಅವರ್ಸ್."

ನನ್ನ ಕಣ್ಣು ತುಂಬಿ ಬಂತು. ಎಳ್ಳೆಣ್ಣೆ ದೀಪದ ಹೊಗೆ ಅಂತ ನೆಪ ಮಾಡಿ ಒರೆಸಿಕೊಂಡೆ. ಪ್ರದಕ್ಷಿಣೆ ಹಾಕುವಾಗ ಮೆಲ್ಲಗೆ ಕೇಳಿದೆ, "ಯಾವಾಗ ಓದಿದಿ?"

"ಅಜ್ಜಿ ರೀಡ್ಸ್ ಇಟ್ ಟು ಅಸ್. ಅವರ ಬೇಸ್‌ಮೆಂಟಲ್ಲಿ. ನಾವೆಲ್ಲಾ ಹೋಗ್ತೀವಿ."

ಬಳಗದ ಹುಡುಗ ಹುಡುಗಿಯರೆಲ್ಲ ಅಲ್ಲಿಗೆ ವಿಡಿಯೋ ಗೇಮು ಆಡಲು ಹೋಗುತ್ತಾರೆ ಅಂದುಕೊಂಡಿದ್ದೆ. "ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕನ್ನಡ ಕ್ಲಾಸಿಗೆ ಹಾಕ್ತಿದ್ದಿ."

ವಾಪಸು ಬರುವಾಗ ನಾನು ಸ್ವರ್ಗದಲ್ಲಿದ್ದೆ. ಕೆಂಪು ದೀಪಕ್ಕೆ ನಿಂತಾಗ ಮಗಳು, "ಬಟ್ ಅಮ್ಮಾ, ಒಂದು ಪ್ರಾಬ್ಲಮ್ ಅದ" ಅಂದಳು. "ನೀಲಾ ದಿನಾ ಮನಿಗೆ ಫೋನ್ ಮಾಡಿ ಊಟ ಆತು ಅಂತ ಹೇಳ್ತಾಳ. ನೋಬಡಿ ಡಸ್ ದ್ಯಾಟ್."

ಹದಿನಾರರ ಹುಡುಗಿ ಒಬ್ಬಳೇ ಶನಿಯವರೆಗೆ ಹೋದದ್ದನ್ನು ಅವಳು ನಂಬಿದ್ದಳು. ಎಂಟು ಕಾಲಿನ ಪ್ರಾಣಿ ಧಾರವಾಡ ಕನ್ನಡ ಮಾತಾಡಿದ್ದನ್ನೂ ನಂಬಿದ್ದಳು. ಇದೊಂದನ್ನು ಮಾತ್ರ ನಂಬಲು ಅವಳಿಂದ ಆಗಿರಲಿಲ್ಲ.

ಅಜ್ಜಿಯ ವಿಮಾನಕ್ಕಿಂತ ಮೊದಲೇ ಕೊನೆಯ ಕಂತು ಬರೆದು ಮುಗಿಸಿದೆ. ಶನಿಮಹಾತ್ಮನಿಗೆ ಅರ್ಜಿ ಹೋದಮೇಲೆ ಹುಡುಗಿಯನ್ನು ಸಾಯಿಸುವ ಧೈರ್ಯ ಯಾರಿಗಿದೆ? ನೀಲಾ ಮನೆ ಮುಟ್ಟಿದಳು. ಬಾಗಿಲಲ್ಲಿ ಅವ್ವ ಅಳುತ್ತಿದ್ದಳು, ಅಜ್ಜಿ ಆರತಿ ಹಿಡಿದಿದ್ದಳು, ಅಪ್ಪ ಸಲಿಕೆ ಕೆಳಗಿಟ್ಟಿದ್ದ. ನೀಲಾ "ಹಾಯ್" ಅಂದು, ಬೂಟು ನಡುದಾರಿಯಲ್ಲೇ ಬಿಚ್ಚಿ ಎಸೆದು, ನೇರ ಫ್ರಿಜ್ಜಿನ ಹತ್ತಿರ ಹೋಗಿ ಬಾಗಿಲು ತೆಗೆದು, "ಈ ಮನ್ಯಾಗ ತಿನ್ನಾಕ ಏನೂ ಇರೂದಿಲ್ಲ" ಅಂದಳು.

ಹಿಂದಿನ ಬೀದಿಯ ಅಜ್ಜಿಗೆ ಕೊಡುವ ಮೊದಲು ಹಾಳೆಗಳನ್ನು ಮಗಳ ಕೈಗೆ ಕೊಟ್ಟೆ. ಅಡುಗೆಮನೆಯಲ್ಲಿ ನಿಂತುಕೊಂಡೇ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ತಾನೇ ಓದಿದಳು. ಬಹಳ ಹೊತ್ತು ಹಿಡಿಯಿತು. ನಾನು ಪಾತ್ರೆ ತೊಳೆಯುವ ಸೋಗು ಹಾಕಿ, ತೊಳೆದದ್ದನ್ನೇ ತೊಳೆಯುತ್ತಿದ್ದೆ.

"ಗುಡ್" ಅಂದಳು ಕೊನೆಗೆ. "ಈಗ ರಿಯಲಿಸ್ಟಿಕ್ ಆತು."

ಹಾಗೆಂದು ಹಾಳೆಗಳನ್ನು ನನ್ನ ಒದ್ದೆ ಕೈಗೆ ಕೊಟ್ಟು, ಫ್ರಿಜ್ಜಿನ ಬಾಗಿಲು ತೆಗೆದಳು.