ಸಂದಿ ಮುಚ್ಚಿದ ರೊಟ್ಟಿ ಹಲಗೆ

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಸುಳ್ಳಾಗಿದ್ದರೆ ನನ್ನ ಚಹಾದಲ್ಲಿ ಇನ್ನು ಮೇಲೆ ಸಕ್ಕರೆ ಕರಗದಿರಲಿ. ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಕೂತವರೂ ಕೇಳಬಹುದು.

ತೊಂದರೆ ಶುರುವಾದದ್ದು ತಣ್ಣನೆ ರೊಟ್ಟಿಯಿಂದ. ಬೂಲಾಕಿನ ಹಾಜಿ ಜಗ್ಲೂಲರ ಒಲೆಯಿಂದ ಹೊರಟ ರೊಟ್ಟಿ, ನೈಲ್ ಸೇತುವೆ ದಾಟಿ ಜಮಾಲೆಕ್ಕಿನ ಹೋಟೆಲು ಮುಟ್ಟುವಷ್ಟರಲ್ಲಿ ಚಪ್ಪಲಿಯಂತಾಗುತ್ತಿತ್ತು. ಒಯ್ಯುತ್ತಿದ್ದವನು ಬಯ್ಯೂಮಿ. ತಲೆಯ ಮೇಲೆ ಮರದ ಪಟ್ಟಿಗಳನ್ನು ಸಂದಿ ಬಿಟ್ಟು ಜೋಡಿಸಿದ ಬಾಗಿಲಗಲದ ಹಲಗೆ, ಅದರ ತುಂಬ ಇನ್ನೂರು ರೊಟ್ಟಿ, ಒಂದು ಕೈ ಹಲಗೆಗೆ, ಇನ್ನೊಂದು ಸೈಕಲ್ಲಿಗೆ. ಹನ್ನೊಂದು ವರ್ಷದಲ್ಲಿ ಹಲಗೆಯ ಕೈ ಬಿಟ್ಟವನಲ್ಲ.

ಅದೇ ಬೀದಿಯ ಫಿಕ್ರಿಗೆ ಹಾಜಿಯವರ ಮಗಳು ನಗಾತ್ ಮೇಲೆ ಮನಸ್ಸು. ಅವನು ಕಾಲೇಜೊಂದರಲ್ಲಿ ಕಂಪ್ಯೂಟರಿನೊಳಗೆ ಗಾಳಿ ಬೀಸುವ ಕೆಲಸ ಮಾಡುತ್ತಿದ್ದ. ಬಣ್ಣದ ಗೆರೆಗಳ ಗಾಳಿ. ಅದಕ್ಕೆ ಏನನ್ನಾದರೂ ಅಡ್ಡ ಇಟ್ಟರೆ, ಗಾಳಿ ಅದನ್ನು ಎಷ್ಟು ಹಿಂದಕ್ಕೆ ಎಳೆಯುತ್ತದೆ, ಎಷ್ಟು ಮೇಲಕ್ಕೆ ಎತ್ತುತ್ತದೆ ಎಂದು ತಿಳಿಯುತ್ತಿತ್ತು.

“ಹಾಜಿ, ಹಲಗೇನ ಗಾಳಿ ಹಿಂದಕ್ಕೆ ಎಳೀತಿದೆ, ಅದಕ್ಕೇ ತಡ,” ಎಂದ ಫಿಕ್ರಿ. “ನನ್ನ ಲೆಕ್ಕದ ಹಾಗೆ ಓರೆ ಮಾಡಿ ಇಟ್ರೆ ಎಳೆತ ಅರ್ಧ ಆಗುತ್ತೆ. ಜತೆಗೆ ಸ್ವಲ್ಪ ಮೇಲಕ್ಕೂ ಎತ್ತುತ್ತೆ, ಬಯ್ಯೂಮಿ ಕುತ್ತಿಗೆಗೆ ಆರಾಮ.”

“ಇವತ್ತು ಬಿಸಿಬಿಸಿ ಮುಟ್ಟಿಸು, ಸಂಜೆ ಫಾತಿಹಾ ಪ್ರಾರ್ಥನೆ ಓದಿ ನಗಾತ್ ಮದುವೆ ನಿಶ್ಚಯ ಮಾಡ್ತೀನಿ. ಇಲ್ಲಾಂದ್ರೆ ನನ್ನ ಬಾಗಿಲ ಕಡೆ ತಲೆ ಹಾಕ್ಬೇಡ.”

ಇಸ್ತ್ರಿ ಅಂಗಡಿಯ ಶಹಾತ, ಫಿಕ್ರಿ ಕಂಪ್ಯೂಟರಿನಲ್ಲಿ ಬರೆದ ಹಲಗೆಯ ಚಿತ್ರ ನೋಡಿದ. “ಅಲ್ಲಯ್ಯಾ ಇಂಜಿನಿಯರ್ರೇ, ನಿನ್ ಚಿತ್ರದಲ್ಲಿ ಸಂದೀನೇ ಇಲ್ಲ. ಈ ಹಲಗೇಲಿ ಪಟ್ಟಿಗೊಂದು ಸಂದಿ ಇದೆ!”

“ಸಂದಿ ಹಾಕಿದ್ರೆ ಲೆಕ್ಕ ಮುಗಿಸೋಕೆ ಕಂಪ್ಯೂಟರು ಒಂಬತ್ತು ದಿನ ತಗೊಳುತ್ತೆ.”

ಇಂಥ ಕಡೆ ಬೇರೆಯವರು ಲೆಕ್ಕ ತಿದ್ದುತ್ತಾರೆ. ಫಿಕ್ರಿ ಹಲಗೆಯನ್ನೇ ತಿದ್ದಿದ. ಶಹಾತ ಮೇಣಬಟ್ಟೆ ಕೊಟ್ಟ, ಬೀದಿಯವರೆಲ್ಲ ಮೊಳೆ ತಂದರು, ಬೇಡವೆಂದರೂ ಹೊಡೆದರು. ಸಂದಿಗಳೆಲ್ಲ ಮುಚ್ಚಿದವು.

ಬಯ್ಯೂಮಿ ಹೊರಟ. ಫಿಕ್ರಿ ಗಡಿಯಾರ ಹಿಡಿದು ಹಿಂದೆ ಓಡಿದ. ಅವರೆಕಾಳಿನ ಗಾಡಿಗೆ ಅರವತ್ತು ರೊಟ್ಟಿ ಇಳಿಯಿತು, ಉಪ್ಪಿನಕಾಯಿ ಅಂಗಡಿಗೆ ನೂರು. ಬಯ್ಯೂಮಿ ದಾರಿಯುದ್ದಕ್ಕೂ ರೊಟ್ಟಿ ಇಳಿಸುತ್ತ ಹೋಗುತ್ತಾನೆಂದು ಬೂಲಾಕಿನ ಬೆಕ್ಕುಗಳಿಗೂ ಗೊತ್ತು. ಕಂಪ್ಯೂಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ಇನ್ನೂರರ ಭಾರವನ್ನೇ ನಂಬಿತ್ತು.

ಸೇತುವೆಯ ಮೇಲೆ, ನಲವತ್ತೇ ರೊಟ್ಟಿ ಉಳಿದಾಗ, ಗಾಳಿ ಎದ್ದಿತು.

“ಫಿಕ್ರೀ! ಕುತ್ತಿಗೆ ಆರಾಮಾಗಿದೆ!”

“ನಾನು ಹೇಳ್ಲಿಲ್ವಾ!”

“ಫಿಕ್ರೀ! ಕಾಲೂ ಆರಾಮಾಗಿದೆ!”

ಕಾಲು ಪೆಡಲಿನಿಂದ ಒಂದು ಮಾರು ಮೇಲಿತ್ತು.

“ಹಲಗೆ ಬಿಡೋ ಬಯ್ಯೂಮಿ!”

“ಬಿಟ್ರೆ ಹಾಜಿ ಕೊಲ್ತಾರೆ!”

ಸೈಕಲ್ಲು ಅಭ್ಯಾಸಬಲದಿಂದ ಇಪ್ಪತ್ತು ಗಜ ಹೋಗಿ, ಗಾಳ ಹಾಕುತ್ತಿದ್ದವನೊಬ್ಬನಿಗೆ ಒರಗಿ ನಿಂತಿತು. ಬಯ್ಯೂಮಿ ಜಮಾಲೆಕ್ಕಿನ ಮರಗಳಾಚೆ ಮರೆಯಾದ.

ಫಿಕ್ರಿ ನಗಾತಳ ಆಸೆ ಬಿಟ್ಟು, ಸೈಕಲ್ಲು ತಳ್ಳಿಕೊಂಡು ವಾಪಸು ಬಂದ. ಬರುವಷ್ಟರಲ್ಲಿ ಹೋಟೆಲಿನಿಂದ ಫೋನು ಬಂದಿತ್ತು: ಬಯ್ಯೂಮಿ ಸಮೇತ ರೊಟ್ಟಿ ನೇರ ತಾರಸಿಗೇ ಇಳಿದಿದೆ, ಹಬೆಯಾಡುತ್ತಿದೆ, ಒಂದೂ ಬಿದ್ದಿಲ್ಲ, ಇನ್ನು ದಿನಾ ಇಮ್ಮಡಿ ಬೇಕು! ಫಿಕ್ರಿ ಕಾಲರ್ ಸರಿ ಮಾಡಿಕೊಂಡ.

ಸಂಜೆ ಎಲ್ಲರೂ ಫಾತಿಹಾ ಓದಲು ಅಂಗೈ ಬಿಚ್ಚಿ ಕೂತರು. ಹಾಜಿ ಕಣ್ಣೊರೆಸಿಕೊಂಡರು. “ಪ್ರಾಣ ಹೋದ್ರೂ ನನ್ನ ರೊಟ್ಟಿ ಬಿಡದೋನು! ಇಂಥೋನಿಗೆ ಕೊಡದೆ ನನ್ನ ಮಗಳನ್ನ ಇನ್ಯಾರಿಗೆ ಕೊಡ್ಲಿ? ಬಯ್ಯೂಮಿ, ಮುಂದೆ ಬಾ.”

“ಲೆಕ್ಕ ನಂದು!” ಎಂದು ಫಿಕ್ರಿ ಚೀರಿದ.

“ನಿಂದೇ,” ಎಂದಳು ನಗಾತ್. “ಅಷ್ಟು ನಂಬಿಕೆ ಇದ್ದಿದ್ರೆ ನೀನ್ಯಾಕೆ ಹಾರ್ಲಿಲ್ಲ?”

“ಮತ್ತೆ ಅಳಿಯನ ತಲೆ ಮೇಲೆ ಹಲಗೆ ಇಡೋಕಾಗುತ್ತಾ?” ಎಂದರು ಹಾಜಿ. “ನನ್ನ ರೊಟ್ಟಿ ಹೊರೋನನ್ನ ಕಳೆದಿದ್ದು ನಿನ್ನ ಲೆಕ್ಕ. ನಾಳೆಯಿಂದ ಬೆಳಗಿನ ಸುತ್ತು ನಿಂದು.” ಬೀದಿಗೆ ಬೀದಿಯೇ ಅದೇ ನ್ಯಾಯ ಎಂದಿತು.

ಅವನು ಮೊದಲು ಮಾಡಿದ ಕೆಲಸ, ಮೊಳೆಗಳನ್ನೆಲ್ಲ ಕಿತ್ತು ಸಂದಿ ಬಿಡಿಸಿದ್ದು. ಇವತ್ತಿಗೂ ಸೇತುವೆ ಬಂದರೆ ಇಳಿದು, ಸೈಕಲ್ಲು ತಳ್ಳಿಕೊಂಡು, ಅಂಗಿಜೇಬಿನಲ್ಲಿ ಎರಡು ಇಟ್ಟಿಗೆ... ಏಯ್ ಫಿಕ್ರಿ, ಎಲ್ಲಿಗೆದ್ದೆ? ಹಲಗೆ ಇಳಿಸೋ, ಚಹಾ ಮುಗಿಸು! ರೊಟ್ಟಿ ಹೇಗಿದ್ರೂ ತಣ್ಣಗೇ ತಾನೇ, ಇನ್ನೂ ಆ ಇಟ್ಟಿಗೆ ಯಾಕೆ ಅಂತ ನಾನು ಇವ್ರಿಗೆ ಹೇಳ್ಬೇಡ್ವಾ?