ಗಂಟೋ, ಜೋಳವೋ

ನನ್ನ ನೆನಪಿಗೆ ಒಂದು ಕೆಟ್ಟ ಚಾಳಿ ಇದೆ. ನಡೆದದ್ದನ್ನು ನಡೆದ ಹಾಗೆ ಇಟ್ಟುಕೊಳ್ಳುವುದಿಲ್ಲ. ಇಸ್ತ್ರಿ ಮಾಡಿ, ಅಂಚು ಸರಿಪಡಿಸಿ, ಮಡಚಿ ಇಟ್ಟುಕೊಳ್ಳುತ್ತದೆ. ಇತಿಹಾಸದಲ್ಲಿ ಎಂ.ಎ. ಮಾಡಿ, ಅದನ್ನೇ ಸೇಡಂನ ಕಾಲೇಜೊಂದರಲ್ಲಿ ಪಾಠ ಮಾಡುವವಳಿಗೆ ಇದು ಶೋಭಿಸುವ ಗುಣವಲ್ಲ. ಅದಕ್ಕೇ ದಿನಚರಿ ಬರೆಯಲು ಹಿಡಿದೆ. ಆದರೆ ಈಗ ಹೇಳಹೊರಟಿರುವ ಸಂಗತಿ ನಡೆದ ದಿನದ ಪುಟ ತೆರೆದು ನೋಡಿದರೆ ಅಲ್ಲಿರುವುದು ಇಷ್ಟೇ: ‘ವಿಪರೀತ ಸೆಕೆ. ಬದನೆಕಾಯಿ ಎಣಗಾಯಿ. ನಲ್ಲಿ ನೀರು ಬರಲಿಲ್ಲ.’ ಹೀಗಾಗಿ ಮುಂದೆ ಬರುವುದರಲ್ಲಿ ಯಾರು ಯಾವ ಮಾತನ್ನು ಮೊದಲು ಆಡಿದರು, ದಾರ ಅರಿಸಿನ ಬಣ್ಣದ್ದೋ ಕಿತ್ತಳೆ ಬಣ್ಣದ್ದೋ ಎಂಬಂಥವು ತಪ್ಪಿರಬಹುದು. ನಾನು ಹೆಣೆದ ಚೌಕಗಳು ಎಲ್ಲಾದರೂ ನೆಟ್ಟಗಿದ್ದಂತೆ ಕಂಡರೆ ಮಾತ್ರ ದಯವಿಟ್ಟು ನಂಬಬೇಡಿ. ಅದು ಇಸ್ತ್ರಿಯ ಪ್ರಭಾವ.

ನಮ್ಮ ಮನೆ ವಾಡಿಯಲ್ಲಿ. ನನ್ನ ನಾದಿನಿ ರೇಣುಕಾ ಚಿಂಚೋಳಿಯಿಂದ ಚೊಚ್ಚಲ ಹೆರಿಗೆಗೆಂದು ತವರಿಗೆ, ಅಂದರೆ ನಮ್ಮಲ್ಲಿಗೆ ಬಂದಿದ್ದಳು. ಮಗಳು ಹುಟ್ಟಿದಳು. ನಮ್ಮಲ್ಲಿ ಬಾಣಂತಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುವಾಗ ತೊಟ್ಟಿಲ ಜೊತೆಗೆ ಒಂದು ಕೌದಿ ಹೋಗಬೇಕು, ಆ ಕೌದಿಯನ್ನು ನಮ್ಮತ್ತೆಯೇ ಹೊಲಿಯಬೇಕು. ಹಳೆಯ ಸೀರೆ, ಹರಿದ ಧೋತರ, ಮಾವನವರ ಅಂಗಿ, ಎಲ್ಲವನ್ನೂ ತುಂಡು ಮಾಡಿ, ಪದರದ ಮೇಲೆ ಪದರ ಇಟ್ಟು ಹೊಲಿಯುತ್ತಿದ್ದರು. ಕೊನೆಯ ಬದಿ ಮುಚ್ಚುವ ಮುಂಚೆ ಪದರದೊಳಗೆ ನಾಲ್ಕು ಕಾಳು ಜೋಳ ಹಾಕುವುದು ಅವರ ಪದ್ಧತಿ. “ಯಾರನ್ನರ ಖಾಲಿ ಹೊಟ್ಟೀಲೆ ಊರಿಗಿ ಕಳಸ್ತೀವೇನು? ಕೌದೀನೂ ಹಂಗ,” ಎನ್ನುತ್ತಿದ್ದರು. ಕಾಳು ಬಿದ್ದರೆ ಅದು ಕೌದಿ. ಬೀಳದಿದ್ದರೆ ಬರೀ ಬಟ್ಟೆ. ನನ್ನ ಮಗ ಹುಟ್ಟಿದಾಗ ಕಾಲೇಜಿನವರೆಲ್ಲ ಸೇರಿ ಮೆತ್ತನೆಯ ಬ್ಲ್ಯಾಂಕೆಟ್ ಒಂದನ್ನು ಕೊಟ್ಟಿದ್ದರು. ಇದಕ್ಕೂ ನಾಲ್ಕು ಕಾಳು ಹಾಕ್ರಿ ಅತ್ತಿ, ಎಂದು ನಾನು ಚೇಷ್ಟೆ ಮಾಡಿದರೆ, “ಅದು ಅಂಗಡಿ ಸಾಮಾನು. ಅದರ ಹೊಟ್ಟಿ ಅಂಗಡ್ಯಾವ ನೋಡ್ಕೋತಾನ,” ಎಂದು ಮಡಚಿ ಟ್ರಂಕಿಗೆ ಹಾಕಿಬಿಟ್ಟರು.

ಈ ಸಲ ಅತ್ತೆಯ ಬೆರಳ ಗೆಣ್ಣುಗಳು ಬಾತುಕೊಂಡಿದ್ದವು. ಸೂಜಿ ಹಿಡಿದರೆ ಜಾರುತ್ತಿತ್ತು. ಕೆಲವು ದಿನ ಪ್ರಯತ್ನಪಟ್ಟರು. ಒಂದು ಮಧ್ಯಾಹ್ನ ಸೂಜಿ-ದಾರದ ಡಬ್ಬಿಯನ್ನು ಎತ್ತಿ ಗೋಡೆಯ ಮಾಡದಲ್ಲಿಟ್ಟು ಬಂದು ಕೂಸಿನ ಪಕ್ಕ ಮಲಗಿದರು. ಮಾತಿನ ಮಲ್ಲಿ ಎಂದು ಹೆಸರಾದ ನಮ್ಮತ್ತೆ ಏನೂ ಹೇಳದೆ ಇದ್ದದ್ದು ನನಗೆ ತಡೆಯಲಾಗಲಿಲ್ಲ. “ಈ ಸಲದ ಕೌದಿ ನಾ ಮಾಡ್ತೀನ್ರಿ ಅತ್ತಿ,” ಎಂದುಬಿಟ್ಟೆ.

ಅವರು ಮಲಗಿದಲ್ಲಿಂದಲೇ ನನ್ನನ್ನು ನೋಡಿದರು. “ನೀ ಗುಂಡಿ ಹಚ್ಚಿದ ಅಂಗಿಗಿ ನನ್ನ ಮಗ ಇನ್ನಾ ಪಿನ್ನ ಹಾಕ್ಕೊಂಡು ತಿರಗಲಿಕತ್ತಾನ ಸುನಂದಾ.”

ಮಾತು ಖರೆಯೇ. ಸೂಜಿಗೂ ನನಗೂ ಎಂದೂ ಆಗಿಬಂದಿಲ್ಲ. ಆದ್ದರಿಂದ ಓದಿದವರು ಹಿಡಿಯುವ ದಾರಿಯನ್ನೇ ನಾನೂ ಹಿಡಿದೆ: ಮೊಬೈಲಿನಲ್ಲಿ ಹುಡುಕಿದೆ. ಅಲ್ಲಿ ಯಾವ ದೇಶದವಳೋ ಒಬ್ಬಾಕೆ ಟ್ಯುನಿಶಿಯನ್ ಕ್ರೋಶಾ ಎಂಬ ಕೊಕ್ಕೆಕಡ್ಡಿಯ ಹೆಣಿಗೆಯಲ್ಲಿ ಬಣ್ಣಬಣ್ಣದ ಚೌಕಗಳನ್ನು ಹೆಣೆದು ಜೋಡಿಸಿ ಹೊದಿಕೆ ಮಾಡಿದ್ದಳು. ದೂರದಿಂದ ನೋಡಿದರೆ ಅದು ನಮ್ಮತ್ತೆಯ ಕೌದಿಯ ದೂರದ ಸಂಬಂಧಿಯಂತೆಯೇ ಇತ್ತು. ಆಕೆ ಅದನ್ನು ಮೈಟರ್ಡ್ ಸ್ಕ್ವೇರ್ ಎನ್ನುತ್ತಿದ್ದಳು, ನಾನು ಮನಸ್ಸಿನಲ್ಲಿ ಮೂಲೆಚೌಕ ಎಂದುಕೊಂಡೆ. ಇದರ ಕೊಕ್ಕೆಕಡ್ಡಿ ಮಾಮೂಲಿಗಿಂತ ಉದ್ದ. ಹೋಗುವಾಗ ಸಾಲಿನುದ್ದಕ್ಕೂ ಒಂದೊಂದೇ ಕುಣಿಕೆಯನ್ನು ಕಡ್ಡಿಗೆ ಹತ್ತಿಸಿಕೊಳ್ಳುತ್ತ ಹೋಗಬೇಕು; ಬರುವಾಗ ಎಲ್ಲವನ್ನೂ ಇಳಿಸುತ್ತ ಬರಬೇಕು; ಹೆಣಿಗೆಯನ್ನು ತಿರುಗಿಸುವಂತಿಲ್ಲ. ವಾಡಿಯಿಂದ ಸೇಡಂಗೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡುವ ನನಗೆ ಇದು ತಟ್ಟನೆ ಅರ್ಥವಾಯಿತು. ಇನ್ನು ಮೂಲೆಚೌಕಕ್ಕಾದರೆ, ಎರಡು ಬದಿಗೆ ಬೇಕಾಗುವಷ್ಟು ಕುಣಿಕೆಗಳನ್ನು ಮೊದಲೇ ಹಾಕಿಕೊಂಡು, ಪ್ರತಿ ಸಾಲಿನ ಬರೋಬ್ಬರಿ ನಡುವೆ ಕುಣಿಕೆಗಳನ್ನು ಕೂಡಿಸುತ್ತ ಹೋಗಬೇಕು. ಸಾಲು ಸಾಲಿಗೂ ಗಿಡ್ಡವಾಗುತ್ತ, ನಡುವಿನಲ್ಲಿ ಬಾಗಿ ಮೂಲೆಯಾಗುತ್ತ, ಕೊನೆಗೆ ಕಡ್ಡಿಯ ಮೇಲೆ ಒಂದೇ ಕುಣಿಕೆ ಉಳಿಯುವ ಹೊತ್ತಿಗೆ ಕೈಯಲ್ಲೊಂದು ಚೌಕ ಇರುತ್ತದೆ. ಅದರ ಮೂಲೆಯಿಂದ ಮೂಲೆಗೆ ಒಂದು ಚೆಂದದ ಓರೆಗೆರೆ.

ವಿಡಿಯೋದಲ್ಲಿ ಇರುತ್ತದೆ. ನನ್ನ ಗೆರೆಯಾದರೋ ಸೇಡಂಗೆಂದು ಹೊರಟು ನಡುದಾರಿಯ ಚಿತ್ತಾಪುರದಲ್ಲೇ ಇಳಿದುಬಿಡುತ್ತಿತ್ತು. ನಡುವನ್ನು ಸರಿಯಾಗಿ ಎಣಿಸುವ ಗಡಿಬಿಡಿಯಲ್ಲಿ ಸಾಲಿನ ತುದಿಯ ಕುಣಿಕೆಯನ್ನು ಹತ್ತಿಸಿಕೊಳ್ಳಲು ಮರೆಯುತ್ತಿದ್ದೆ ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಮೊದಲು ತಂದ ಉಲ್ಲನ್ ದಾರದ ಕಥೆ ಬೇರೆ. “ಈ ಬಿಸಲಾಗ ಉಲ್ಲನ್? ಕೂಸಿಗಿ ಹೊಚ್ಚಲಿಕ್ಕೋ, ಬೇಯಸಲಿಕ್ಕೋ?” ಎಂದು ಅತ್ತೆ ಕೇಳಿದ ಮೇಲೆ ಹತ್ತಿಯ ದಾರಕ್ಕೆ ಬಂದೆ. ಅದು ನುಣುಪು, ಗಂಟು ನಿಲ್ಲುವುದಿಲ್ಲ. ಬಿಚ್ಚಿಹೋದೀತೆಂಬ ಹೆದರಿಕೆಗೆ ನಾನು ದಾರಕ್ಕೆ ದಾರ ಕೂಡಿಸಿದಲ್ಲೆಲ್ಲ ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು ಗಂಟು ಹಾಕಿ ಹೆಣಿಗೆಯೊಳಗೆ ಬಚ್ಚಿಡುತ್ತಿದ್ದೆ. ಈ ಗಂಟುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನಗಿಂತ ನಿಮ್ಮ ನೆನಪು ಗಟ್ಟಿ ಇರಬಹುದು.

ಹೆಣಿಗೆ ಹೆಚ್ಚಾಗಿ ಸಾಗಿದ್ದು ಗಾಡಿಯಲ್ಲಿ. ಚಿತ್ತಾಪುರದಲ್ಲಿ ಹತ್ತುತ್ತಿದ್ದ ಹೆಣ್ಣುಮಗಳೊಬ್ಬಳು ಮೊದಲ ದಿನ ತುಂಬ ಹೊತ್ತು ನೋಡಿ, “ಅಕ್ಕೋರೆ, ಕಾಗಿಣಾ ಹೊಳ್ಯಾಗ ಮೀನ ಹಿಡೀಲಿಕ್ಕ ಬಲಿ ಹೆಣೀಲಿಕತ್ತೀರೇನ್ರಿ?” ಎಂದಳು. ಬೋಗಿಯ ಹೆಂಗಸರೆಲ್ಲ ನಕ್ಕರು. ಆದರೆ ನನ್ನ ದಾರದ ಉಂಡೆ ಸೀಟಿನ ಕೆಳಗೆ ಉರುಳಿ ಬಾಗಿಲ ತನಕ ಹೋದಾಗಲೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ, ಧೂಳು ಕೊಡವಿ ನನ್ನ ಮಡಿಲಿಗೆ ತಲುಪಿಸಿದವರೂ ಅವರೇ. ಆ ಕೈಗಳಿಗೆ ನಾನು ಸರಿಯಾಗಿ ಕೃತಜ್ಞತೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಇಲ್ಲಿ ಹೇಳಿಬಿಡುತ್ತೇನೆ. ಮನೆಯಲ್ಲಿ ಉಂಡೆ ಉರುಳುತ್ತಿರಲಿಲ್ಲ, ಏಕೆಂದರೆ ನಾನು ಹೆಣೆಯಲು ಕೂತರೆ ಅತ್ತೆ ಪಕ್ಕದಲ್ಲಿ ಕೂತು ಉಂಡೆಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾನು ಜಗ್ಗಿದಷ್ಟೇ ದಾರ ಬಿಡುತ್ತಿದ್ದರು. ಅದನ್ನು ಮೆಚ್ಚುಗೆ ಎಂದು ತಿಳಿಯುವ ಧೈರ್ಯ ಮಾಡಬಾರದು, ಬಾಯಿ ಮಾತ್ರ, “ಇದು ಚೌಕ ಏನವಾ? ಒಂದ್ ಕಡಿ ಯಾಕ ಕುಂಟತದ?” ಎನ್ನುತ್ತಲೇ ಇತ್ತು.

ಕುಂಟುವುದಕ್ಕಿಂತ ದೊಡ್ಡ ರೋಗ ಇನ್ನೊಂದಿತ್ತು. ಈ ಹೆಣಿಗೆ ಸುರುಳಿ ಸುತ್ತಿಕೊಳ್ಳುತ್ತದೆ. ಕಡ್ಡಿಯಿಂದ ಇಳಿದ ಚೌಕ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುಡುತ್ತದೆ. ಒದ್ದೆ ಮಾಡಿ, ಪಿನ್ನು ಚುಚ್ಚಿ ಹರವಿ ಒಣಗಿಸಿ ಎಂದು ವಿಡಿಯೋದಾಕೆ ಹೇಳಿದ್ದಳು. ನನ್ನ ಗಂಡ ಅದಕ್ಕಿಂತ ಗಟ್ಟಿ ಉಪಾಯ ಮಾಡಿದರು. ಮನೆ ಕಟ್ಟಿದಾಗ ಉಳಿದಿದ್ದ, ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿಕಲ್ಲುಗಳನ್ನು ಮಾಳಿಗೆಗೆ ಹೊತ್ತು, ಎರಡು ಕಲ್ಲಿನ ನಡುವೆ ಒದ್ದೆ ಚೌಕಗಳನ್ನಿಟ್ಟು ಬಿಸಿಲಿಗೆ ಬಿಟ್ಟರು. ರೇಣುಕಾ ಕೂಸನ್ನೆತ್ತಿಕೊಂಡು ಮೆಟ್ಟಿಲ ಹತ್ತಿರ ಬಂದು ನೋಡಿ, “ವೈನಿ, ಇದು ನನ್ನ ಮಗಳಿಗಿ ಹೊಚ್ಚಲಿಕ್ಕೋ, ಮ್ಯೂಸಿಯಮ್ಮಿನಾಗ ಇಡಲಿಕ್ಕೋ?” ಎಂದಳು. ಕಲ್ಲು ತನ್ನ ಕೆಲಸ ಮಾಡಿತು, ಬಿಸಿಲೂ ಮಾಡಿತು. ಚೌಕಗಳೆಲ್ಲ ಚಪ್ಪಟೆಯಾದವು. ಅವನ್ನು ಜೋಡಿಸಿ ಹೊದಿಕೆ ಮಾಡಿದ ಮೇಲೆ ಅದರ ನಾಲ್ಕು ಮೂಲೆಗಳು ಮಾತ್ರ ಮತ್ತೆ ಸುತ್ತಿಕೊಂಡವು, ನಾಯಿಕಿವಿಯಂತೆ.

ಚಿಂಚೋಳಿಗೆ ಹೊರಡುವ ಹಿಂದಿನ ದಿನ ಅದನ್ನು ಅತ್ತೆಯ ಮುಂದೆ ಹರವಿದೆ. ಅವರು ಬಾತ ಬೆರಳುಗಳಿಂದ ಒಂದೊಂದೇ ಓರೆಗೆರೆ ಸವರಿದರು. ಎತ್ತಿ ಬೆಳಕಿಗೆ ಹಿಡಿದರು. “ಚೆಂದ ಅದ,” ಎಂದರು. ನಾನು ಜೋಳದ ಡಬ್ಬಿ ತಂದು ಪಕ್ಕದಲ್ಲಿಟ್ಟೆ, ಏನೂ ಗೊತ್ತಿಲ್ಲದವಳ ಹಾಗೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. “ಒಂದ ಪದರ ಅದಲ್ಲವಾ. ಇದಕ್ಕ ಹೊಟ್ಟೀನೇ ಇಲ್ಲ. ಕಾಳ ಎಲ್ಲಿ ಹಾಕಲಿ? ತೂತನಾಗಿಂದ ಉದರಿ ಹೋಗ್ತಾವ.”

ಹೌದ್ರಿ, ಎಂದೆ. ನಕ್ಕೆ ಎಂದೂ ನೆನಪು. ಅಡುಗೆಮನೆಗೆ ಹೋಗಿ ಎಣಗಾಯಿಗೆ ಬದನೆಕಾಯಿ ಸೀಳುತ್ತ ನಿಂತೆ. ನಮ್ಮ ಮನೆಯಿಂದ ಮೊದಲ ಸಲ ಒಂದು ಕೂಸು ಕೌದಿಯಿಲ್ಲದೆ, ಬರೀ ಬಟ್ಟೆ ಹೊದ್ದು ಹೊರಟಿತ್ತು. ಆ ಬಟ್ಟೆ ನನ್ನದು.

ಮರುದಿನ ಮುಂಜಾನೆ ಚಿಂಚೋಳಿಯವರ ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಹೊದಿಕೆ ಮಡಚಲು ಎತ್ತಿಕೊಂಡೆ. ಅದರ ನಾಲ್ಕೂ ನಾಯಿಕಿವಿಗಳನ್ನು ಅತ್ತೆ ಮಡಚಿ, ಕೆಂಪು ದಾರದಲ್ಲಿ ಹೊಲಿದುಬಿಟ್ಟಿದ್ದರು. ಉದ್ದುದ್ದ, ಅಂಕುಡೊಂಕು ಹೊಲಿಗೆ. ಒಂದು ಕಡೆ ಸೂಜಿ ಜಾರಿ ದಾರ ಸಡಿಲಾಗಿತ್ತು. ಮೂಲೆಗಳು ಈಗ ನಾಲ್ಕು ಪುಟ್ಟ ಚೀಲಗಳಂತಿದ್ದವು, ಅಂದರೆ ನನ್ನ ಹೊದಿಕೆಗೆ ಒಂದಲ್ಲ, ನಾಲ್ಕು ಹೊಟ್ಟೆ. ಸೂಜಿಗೆ ದಾರ ಪೋಣಿಸಿಕೊಟ್ಟವಳು ರೇಣುಕಾ ಇರಬೇಕು. ಕೇಳಿದರೆ, “ನನಗ್ಯಾಕ ಕೇಳ್ತೀರಿ ವೈನಿ, ಅವ್ವಗ ಕೇಳ್ರಿ,” ಎಂದು ಕೂಸಿನ ಟೋಪಿ ಸರಿಮಾಡತೊಡಗಿದಳು.

ಒಂದು ಮೂಲೆಯನ್ನು ಹಿಸುಕಿ ನೋಡಿದೆ. ಒಳಗೆ ಏನೋ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಇನ್ನೊಂದು ಮೂಲೆ ಹಿಸುಕಿದೆ, ಅಲ್ಲಿಯೂ ಗಟ್ಟಿ. ಆಮೇಲೆ ಅನುಮಾನ ಬಂದು ಹೊದಿಕೆಯ ನಟ್ಟನಡುವೆ ಹಿಸುಕಿದೆ. ಅಲ್ಲಿಯೂ ಗಟ್ಟಿ. ನಾನು ಹಾಕಿದ ಗಂಟುಗಳು ಒಂದೊಂದೂ ಜೋಳದ ಕಾಳಿನಷ್ಟೇ ದಪ್ಪ, ಅಷ್ಟೇ ಗಟ್ಟಿ. ಹೊಲಿಗೆ ಬಿಚ್ಚಿ ನೋಡುವಂತಿರಲಿಲ್ಲ. ಅತ್ತೆ ಆ ಬೆರಳುಗಳಿಂದ ಹಾಕಿದ ಹೊಲಿಗೆಯನ್ನು ಬಿಚ್ಚುವವಳು ನಾನಲ್ಲ. ಮಡಚಿ ರೇಣುಕಾಳ ಕೈಗೆ ಕೊಟ್ಟೆ. ಕೂಸು ಅದರೊಳಗೆ ಮುಖ ಹುದುಗಿಸಿ, ಗಾಡಿ ರಸ್ತೆ ತಿರುಗುವ ಮುಂಚೆಯೇ ನಿದ್ದೆ ಹೋಗಿತ್ತು.

ಧೂಳು ಇಳಿಯುವ ತನಕ ಅತ್ತೆ ಅಂಗಳದಲ್ಲಿ ನಿಂತಿದ್ದರು. ಕಾಳ ಹಾಕೀರೇನ್ರಿ ಅತ್ತಿ, ಎಂದು ಮೆಲ್ಲಗೆ ಕೇಳಿದೆ. “ಒಲಿ ಮ್ಯಾಲ ಹಾಲ ಅದ, ಉಕ್ಕತದ ನೋಡು,” ಎಂದರು. ಓಡಿದೆ. ಒಲೆ ಇನ್ನೂ ಹೊತ್ತಿಸಿಯೇ ಇರಲಿಲ್ಲ.

ಇನ್ನೊಂದು ವರ್ಷ ಕಳೆದರೆ, ಅವರು ಅಂದು ಹೌದೆಂದು ತಲೆಯಾಡಿಸಿದರು ಎಂದೇ ನನ್ನ ನೆನಪು ಇಸ್ತ್ರಿ ಮಾಡಿ ಇಟ್ಟುಬಿಡುತ್ತದೆ, ನನಗೆ ಗೊತ್ತು. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ: ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಇವತ್ತು ಹೊಸ ಚೌಕವೊಂದನ್ನು ಶುರುಮಾಡಿ ಕೂತಿದ್ದೆ. ಯಾರಿಗೆ ಎಂದು ಇನ್ನೂ ಗೊತ್ತಿಲ್ಲ. ಅತ್ತೆ ಎಂದಿನಂತೆ ಬಂದು ಉಂಡೆಯನ್ನು ಮಡಿಲಲ್ಲಿಟ್ಟುಕೊಂಡರು. ಸಮಯ ನೋಡಿ ಮತ್ತೊಮ್ಮೆ ಕೇಳಿದೆ:

“ಅತ್ತಿ, ಖರೆ ಹೇಳ್ರಿ. ಆ ಮೂಲ್ಯಾಗ ಇದ್ದದ್ದು ನನ್ನ ಗಂಟೋ, ನಿಮ್ಮ ಜೋಳೋ?”