ಅವ್ವನ ಹಾಡಿಗೊಂದು ಗುಪ್ತದಾರಿ

ವಿಪಿಎನ್ ಎಂದರೆ ಪರವೂರಲ್ಲಿ ಕೂತು ನಮ್ಮ ಮನೆಯ ಕಂಪ್ಯೂಟರಿಗೆ ಕಳ್ಳರ ಕಣ್ಣು ತಪ್ಪಿಸಿ ಹೋಗುವ ದಾರಿ. ಅದನ್ನು ನಾನು ಕಲಬುರಗಿಯ ನಮ್ಮ ಮನೆಯಲ್ಲಿ ಸ್ವಹಸ್ತದಿಂದ ಸ್ಥಾಪಿಸಿದೆ. ತೀರಿಹೋದ ಅವ್ವನ ಬೀಸುವ ಕಲ್ಲಿನ ಹಾಡುಗಳೆಲ್ಲ ಆ ಕಂಪ್ಯೂಟರಿನಲ್ಲಿದ್ದವು. ನೆಹರು ಗಂಜಿನ ಚಹಾದಂಗಡಿಯಲ್ಲಿ ಕೂತು ಪರೀಕ್ಷಿಸಿದೆ. ಮೊಬೈಲಿನಲ್ಲಿ ಅವ್ವ ಹಾಡಿದಳು. ಚಹಾದವನಿಗೂ ಒಂದು ಹಾಡು ಕೇಳಿಸಿದೆ, ಅವನು ಬೇಡವೆಂದರೂ.

ಅವ್ವನ ವರ್ಷದ ಪೂಜೆ ಕಮಲಾಪುರದ ಅಕ್ಕನ ಮನೆಯಲ್ಲಿ ಎಂದು ನಿಶ್ಚಯವಾಯಿತು. ಮಹಾಗಾಂವದಿಂದ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಬರುವವರಿದ್ದರು. ಕಾಲುನೋವಿನಿಂದ ಅವರಿಗೆ ತಂಗಿಯ ಮಣ್ಣಿಗೂ ಬರಲಾಗಿರಲಿಲ್ಲ. ಆಕೆಯ ದನಿಯನ್ನು ಒಮ್ಮೆ ಕೇಳಬೇಕೆಂದೇ ಈಗ ಹೊರಟಿದ್ದರು.

"ಹಾಡು ಮೊಬೈಲ್‌ದಾಗ ತುಂಬ್ಕೊಂಡು ಬರ್ರಿ," ಎಂದಳು ಹೆಂಡತಿ.

"ಮತ್ತ ಈ ವಿಪಿಎನ್ ಯಾತಕ್ಕ ಮಾಡೀನಿ?" ಎಂದೆ.

ಊಟವಾದ ಮೇಲೆ ಎಲ್ಲರೂ ಸುತ್ತ ಕೂತರು. ದೊಡ್ಡವ್ವ ತಲೆಯ ಸೆರಗು ಸರಿಸಿ ಮೊಬೈಲಿಗೆ ಕಿವಿ ಹಚ್ಚಿದರು. ನಾನು ಗಂಭೀರವಾಗಿ ಒತ್ತಿದೆ. ಸಂಪರ್ಕ ಸಾಧ್ಯವಿಲ್ಲ ಎಂದಿತು.

ಕಮಲಾಪುರದ ನೆಟ್‌ವರ್ಕನ್ನು ಬೈಯುತ್ತ ಮಾಳಿಗೆ ಹತ್ತಿದೆ. ಅಲ್ಲಿ ಭಾವನ ಮೊಬೈಲಿನಲ್ಲಿ ಕ್ರಿಕೆಟ್ ಚೆನ್ನಾಗಿಯೇ ನಡೆದಿತ್ತು. ಆ ಮೊಬೈಲನ್ನು ಕಸಿದುಕೊಂಡು ಅದರಲ್ಲೂ ವಿಪಿಎನ್ ಹಾಕಿದೆ. ಕ್ರಿಕೆಟ್ಟೂ ನಿಂತಿತು!

ಕೆಳಗಿಳಿದು ಬಂದಾಗ ಹೆಂಡತಿ ಮೆಲ್ಲಗೆ ಕೇಳಿದಳು. "ಬೀಗ ಹಾಕೂಮುಂದ ಮೇನ್ ಸ್ವಿಚ್ ಬಂದ್ ಮಾಡಿದ್ರಲ್ಲ, ಕಂಪ್ಯೂಟರ್ ಹೆಂಗ ನಡೀತದರಿ?"

ಪರವೂರಿಗೆ ಹೊರಟರೆ ಗ್ಯಾಸ್ ಮುಚ್ಚಿ, ಮೇನ್ ಬಂದ್ ಮಾಡಿ, ದೇವರಿಗೆ ಕೈಮುಗಿದು ಬೀಗ ಹಾಕುವುದು ನಮ್ಮ ಮನೆಯ ಪದ್ಧತಿ. ಕಲಿಸಿದವಳು ಅವ್ವ. ಪಕ್ಕದ ಮನೆಯವರಿಗೆ ಫೋನ್ ಮಾಡಿ ಸ್ವಿಚ್ ಹಾಕಿಸೋಣವೆಂದರೆ ಕೀಲಿ ನನ್ನ ಕಿಸೆಯಲ್ಲೇ ಇತ್ತು.

"ಹೋಗ್ಲಿ ಬಿಡಪಾ," ಎಂದರು ದೊಡ್ಡವ್ವ. "ಆಕಿ ಇದ್ದಾಗ ಒಂದೂ ಮಾತು ಕೇಳಲಿಲ್ಲ. ಈಗರೆ ಕೇಳಾಕತ್ತಿ."

ಎಲ್ಲರೂ ನಕ್ಕರು. ದೊಡ್ಡವ್ವನೂ ನಗುತ್ತಲೇ ಕಣ್ಣೊರೆಸಿಕೊಂಡರು. ಅವರ ಬಸ್ಸಿನ ಹೊತ್ತಾಗಿತ್ತು. ನನಗೆ ದುಃಖ ಉಕ್ಕಿ ಬಂತು.

"ನಾಳೆ ನಾನೇ ಮಹಾಗಾಂವಕ್ಕ ತಂದು ಕೇಳಸ್ತೀನಿ ದೊಡ್ಡವ್ವಾ," ಎಂದೆ.

"ಬಾ," ಎಂದರು. "ನಾ ಇದ್ರ ಕೇಳ್ತೀನಿ."

ಅವರ ಚೀಲ ಹೊತ್ತು, ಕೈಹಿಡಿದು ಬಸ್ಸಿಗೆ ಹತ್ತಿಸಿದೆ. ಇಡೀ ದಿನದಲ್ಲಿ ನನ್ನಿಂದ ಕೆಡದೆ ನಡೆದ ಕೆಲಸ ಅದೊಂದೇ.